ಗುಡಿಸುವ ದಾರಿಯಲ್ಲಿದ್ದ ಚಕ್ರ

ಜೆಸ್ತಾಫೋನಿಯ ನಮ್ಮ ಅಂಗಳದಲ್ಲಿ
ಬೆಳಗಾದರೆ ಎರಡು ಬಗೆಯ ಕಸ:
ಹಿಪ್ಪುನೇರಳೆ ಮರ ಉದುರಿಸಿದ್ದು,
ಹೊಳೆಯಾಚೆಯ ಕಾರ್ಖಾನೆ ಉಗುಳಿದ್ದು.
ಒಂದು ಕಾಲಿಗಂಟುತ್ತದೆ, ಇನ್ನೊಂದು ಗಂಟಲಿಗೆ.
ಎರಡನ್ನೂ ಗುಡಿಸುವವಳು ನಾನು.

ಅವತ್ತು ಮೂರನೆಯದೂ ಇತ್ತು.
ಜುಂಬೆರ್ ತನ್ನ ನಿವಾ ಕಾರನ್ನು ಬಿಚ್ಚಿ ಹರಡಿದ್ದ.
ಮದುವೆಗೆ ನನ್ನಪ್ಪ ಕೊಟ್ಟ ಜಮಖಾನೆಯ ಮೇಲೆ
ನಟ್ಟು, ಬೋಲ್ಟು, ಎಣ್ಣೆ ಕುಡಿದ ಚಿಂದಿ.
ಜ್ಯಾಕಿನ ಕೆಳಗೆ ಅರ್ಧ ಹಲಗೆ,
ಹಲಗೆಯ ಕೆಳಗೆ ರಾತ್ರಿಯೆಲ್ಲ ನೆಂದ ಮಣ್ಣು.
"ಇದು ನಿಲ್ಲುತ್ತದಾ?" ಅಂದೆ.
"ನಿನಗಿಂತ ಗಟ್ಟಿಯಾಗಿ" ಅಂದು
ಬೆನ್ನಮೇಲೆ ಜಾರಿ ಒಳಗೆ ಹೋದ,
ಒಲೆಗೆ ರೊಟ್ಟಿ ತಳ್ಳಿದ ಹಾಗೆ.

ಹೊರಗುಳಿದದ್ದು ಎರಡು ಕಾಲು, ಒಂದೇ ಚಪ್ಪಲಿ.

ಕಳಚಿದ ಚಕ್ರ
ನನ್ನ ಪೊರಕೆಯ ದಾರಿಗೆ ಅಡ್ಡ ಬಿದ್ದಿತ್ತು.
ಎತ್ತಲು ಕರೆದರೆ, "ಆಮೇಲೆ."
ಆಮೇಲೆ, ಆಮೇಲೆ! ಈ ಮನೆಯಲ್ಲಿ
ಸೋರುವ ನಲ್ಲಿಯೂ ಆ ಮಾತನ್ನೇ ತೊಟ್ಟಿಕ್ಕುತ್ತದೆ.
ಸಿಟ್ಟಿನಲ್ಲಿ ಕಾಲಿಂದ ನೂಕಿದೆ.
ಎಡಗಾಲು. ಅದು ಮರದ ಕಡೆ ಹೋಗಬಹುದಿತ್ತು,
ಗೇಟಿನ ಕಡೆ ಹೋಗಬಹುದಿತ್ತು.
ಕಾರಿನ ಹೊಟ್ಟೆಯ ಕೆಳಗೆ, ಅವನ ಭುಜದ ಪಕ್ಕ,
ಗದರಿಸಿಕೊಂಡ ನಾಯಿಯಂತೆ ಸರಿದು ಮಲಗಿತು.
ನಾನು ಮುಂದಿನ ಮೂಲೆ ಗುಡಿಸಲು ಹೋದೆ.

ಶಬ್ದ ದೊಡ್ಡದೇನಲ್ಲ.
ಯಾರೋ ಜೋಳದ ಮೂಟೆ ಇಳಿಸಿ
ಉಸ್ಸೆಂದ ಹಾಗೆ.
ಕೋಳಿಗಳು ತಲೆಯೆತ್ತಿ, ಮತ್ತೆ ಕೆದಕತೊಡಗಿದವು.
ತಿರುಗಿದರೆ ನಿವಾ ಮಂಡಿಯೂರಿತ್ತು.
ಚಪ್ಪಲಿಯಿಲ್ಲದ ಕಾಲು ಅಲುಗುತ್ತಿರಲಿಲ್ಲ.

ಕೂಗಿದೆನಂತೆ. ನನಗೆ ನೆನಪಿಲ್ಲ.
ಓತಾರಿ ಬೇಲಿ ಹಾರಿ ಬಂದ, ಹಲ್ಲುಜ್ಜುವ ನೊರೆ ಬಾಯಲ್ಲೇ.
ಎದುರುಮನೆಯ ಗಣಿತದ ಮೇಷ್ಟ್ರು ಬಂದರು,
ರೊಟ್ಟಿ ಮಾರುವ ಹುಡುಗ ಸೈಕಲ್ ಎಸೆದು ಬಂದ.
ಎತ್ತಿದೆವು. ಯಾವುದು ಕೈ, ಯಾವುದು ಕಬ್ಬಿಣ
ತಿಳಿಯಲಿಲ್ಲ.
ಒಳಗಿನಿಂದ ಮೊದಲು ಬಂದದ್ದು ದನಿ:
"ಮೆಲ್ಲಗೆ, ಸೈಲೆನ್ಸರ್ ಹೊಸದು."

ಆಮೇಲೆ ಮುಖ. ಮೂಗಿನ ತುದಿಗೆ ಗ್ರೀಸ್.
ಮೇಷ್ಟ್ರು ಬಗ್ಗಿ ಚಕ್ರದ ದಪ್ಪ ಅಳೆದರು, ಅಭ್ಯಾಸಬಲ:
ಒಂದು ಗೇಣು.
ಉಸಿರು ಬಿಟ್ಟಾಗ ಜುಂಬೆರ್‌ನ ಎದೆ ಅಷ್ಟೇ;
ಎಳೆದುಕೊಂಡಾಗ ಅದಕ್ಕಿಂತ ಹೆಚ್ಚು.
ಅಷ್ಟು ಹೊತ್ತೂ ಅರ್ಧರ್ಧ ಉಸಿರಾಡಿದ್ದನಂತೆ.
ಸಿಗರೇಟು ಹಚ್ಚಲು ಮೂರು ಕಡ್ಡಿ ಮುರಿದ.
ನಾಲ್ಕನೆಯದನ್ನು ನಾನು ಗೀರಿದೆ.

ಸಂಜೆ ಮೇಜಿನ ಸುತ್ತ ಬೀದಿಗೆ ಬೀದಿಯೇ.
ಚೀಸು ತುಂಬಿದ ರೊಟ್ಟಿ, ಹೂಜಿಯಲ್ಲಿ ಓತಾರಿ ಮನೆಯ ವೈನು.
ಜುಂಬೆರ್ ಎದ್ದು ಲೋಟ ಎತ್ತಿದ:
"ಕಾರಿನ ಕೆಳಗೆ ಹೋಗುವವನು
ಕಳಚಿದ ಚಕ್ರವನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.
ನನ್ನಪ್ಪ ಹೇಳಿಕೊಟ್ಟದ್ದು. ನಾನು ಮರೆತಿರಲಿಲ್ಲ."
ಎಲ್ಲರೂ ತೀರಿಹೋದ ಮಾವನ ಹೆಸರಲ್ಲಿ ಕುಡಿದರು.
ನಾನೂ ಕುಡಿದೆ.
ಮಾವನ ಬಳಿ ಇದ್ದದ್ದು ಎತ್ತಿನ ಗಾಡಿ.

ಹೇಳಬಹುದಿತ್ತು. ಬಾಯಿವರೆಗೆ ಬಂದದ್ದನ್ನು
ಬೀಟ್‌ರೂಟಿನ ಜೊತೆ ಅಗಿದು ನುಂಗಿದೆ.
ಹೇಳಿದರೆ ಎಡಗಾಲಿನ ಕತೆ ಹೇಳಬೇಕು,
ಇನ್ನಷ್ಟು ಸಿಟ್ಟಿದ್ದರೆ ಚಕ್ರ ಆಚೆ ಬದಿಗೆ ಜಾರುತ್ತಿತ್ತು,
ಕಮ್ಮಿಯಿದ್ದರೆ ಬಿದ್ದಲ್ಲೇ ಇರುತ್ತಿತ್ತು
ಎಂಬುದನ್ನೂ ಹೇಳಬೇಕು.
ಅಳೆದು ಸಿಟ್ಟಾಗುವುದು ಯಾರಿಗೆ ಬರುತ್ತದೆ?

ರಾತ್ರಿ ಅವನು ಗೊರಕೆ ಹೊಡೆಯುತ್ತಾನೆ.
ಎದೆ ಏರುತ್ತದೆ, ಇಳಿಯುತ್ತದೆ.
ಕತ್ತಲಲ್ಲಿ ಅದರ ಪಕ್ಕ ಗೇಣು ಹಿಡಿದು ನೋಡುತ್ತೇನೆ.

ಈಗಲೂ ಭಾನುವಾರ ನಿವಾ ಬಿಚ್ಚುತ್ತಾನೆ,
ಅಪ್ಪ ಹೇಳಿಕೊಟ್ಟದ್ದನ್ನು ಮರೆತು
ಚಕ್ರವನ್ನು ಮತ್ತೆ ದಾರಿಗಡ್ಡ ಎಸೆದಿರುತ್ತಾನೆ.
ನಾನು ಪೊರಕೆ ಹಿಡಿದು ಹೊರಡುತ್ತೇನೆ.
"ತ್ಸಿಯಾಲಾ, ಗುಡಿಸಿದ್ದನ್ನೇ
ಎಷ್ಟು ಸಲ ಗುಡಿಸುತ್ತೀಯೆ" ಎಂದು
ಕಾರಿನ ಕೆಳಗಿನಿಂದ ಗೊಣಗುತ್ತಾನೆ.